ಹನ್ನೆರಡು ಹೆಜ್ಜಿ ಹಿಂದ

ಈ ಸಭೆಯ ಅಧ್ಯಕ್ಷರೂ ನಮ್ಮ ನೇಕಾರ ಸಂಘದ ಹಿರಿಯರೂ ಆದ ಹೇಮಪ್ಪನವರೇ, ಮುಂಬಯಿಯಿಂದ ಎರಡು ದಿನ ರೈಲು, ಮೋಟಾರಿನಲ್ಲಿ ಕುಲುಕಾಡುತ್ತ ಬಂದ ಇಂದಿನ ಸನ್ಮಾನಿತರಾದ ನರಗುಂದದ ಸುಭಾನಸಾಬರೇ, ರೋಣ, ಅಬ್ಬಿಗೇರಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬಂದ ಸಭಿಕರೇ, ಗಜೇಂದ್ರಗಡದ ತಾಯಂದಿರೇ,

ನಾನು ಅಂದಪ್ಪ. ಭಜನಾ ಮೇಳದಲ್ಲಿ ಮುಂದಾಳಾಗಿ ಹಾಡುವವನು. ಧ್ವನಿವರ್ಧಕ ಬೇಡವೆಂದರೂ ಸಂಘದವರು ಇಟ್ಟಿದ್ದಾರೆ. ಅದು ಪಾಪ, ನನಗೆ ಹೆದರಿ ಆಗಲೇ ಕುಂಯ್ ಅನ್ನುತ್ತಿದೆ.

ಈ ಮೇಜಿನ ಮೇಲೆ ಕಪ್ಪಗೆ ಹೊಳೆಯುತ್ತಿರುವುದೇನು? ನಮ್ಮ ಮೇಳದ ಗ್ರಾಮಫೋನ್ ಪ್ಲೇಟು! ನಮ್ಮ ಓಣಿಯ ದನಿ ಮುಂಬಯಿಗೆ ಹೋಗಿ ಪ್ಲೇಟಾಗಿ ತಿರುಗಿ ಬಂದಿದೆ! ಬೆಳಗಿನಿಂದ ನನಗೆ ರೊಟ್ಟಿ ಇಳಿದಿಲ್ಲ. ಹಾಡಿದವರು ನಾವು. ಹಾಗಾದರೆ ಸುಭಾನಸಾಬರು ಮಾಡಿದ್ದೇನು? ಅದನ್ನು ಹೇಳಲಿಕ್ಕೇ ನಿಂತಿದ್ದೇನೆ.

ಇದೇ ೧೯೫೭ರ ಮಾಘದಲ್ಲಿ, ಇದೇ ಸಭಾಂಗಣಕ್ಕೆ ಮುಂಬಯಿಯ ಪ್ಲೇಟಿನ ಕಂಪನಿಯಲ್ಲಿ ದನಿ ಹಿಡಿಯುವ ಕೆಲಸದ ಅವರು ಟೇಪಿನ ಯಂತ್ರ, ಒಂದು ಮೈಕು, ಮೋಟಾರಿನ ಬ್ಯಾಟರಿ ಹೊತ್ತು ತಂದರು. ಸದ್ದು ಇರಬಾರದು ಅಂದದ್ದಕ್ಕೆ ಓಣಿಯ ಮಗ್ಗಗಳೆಲ್ಲ ಅರ್ಧ ದಿನ ನಿಂತವು. ಖಟಪಟ ನಿಂತದ್ದೇ ತಡ, ತೊಟ್ಟಿಲ ಕೂಸುಗಳು ಎಚ್ಚರಾಗಿ ಅಳಾಕ ಹತ್ತಿದವು!

ನಾನು ಮೈಕಿನ ಮುಂದೆ ಕುಂತೆ. ಬಾಜೂಕ ನಮ್ಮ ಮನಿಯಾಕಿ ವೀರವ್ವ. ಲಗ್ನಾದಾಗಿನಿಂದ, ಇಪ್ಪತ್ತೆರಡು ವರ್ಷ, ನನ್ನ ಹಿಂದೆ ದನಿಗೂಡಿಸಿದಾಕಿ. ಹಾಡಿದೆವು. ಸಾಬರು ಟೇಪು ತಿರುಗಿಸಿ ಕೇಳಿಸಿದರು. ಆಹಾ, ನನ್ನ ದನಿ! ಗುಡ್ಡ ಉರುಳಿ ಬಂದಾಂಗ! ನಾನು ಮೀಸೆ ತಿರುವುತ್ತಿದ್ದೆ. ಸಾಬರು ಮಾತ್ರ ಹುಬ್ಬು ಗಂಟಿಕ್ಕಿ, "ಅಕ್ಕಾರ, ನೀವು ಹಾಡಲೇ ಇಲ್ಲೇನ್ರಿ?" ಅಂದರು.

ಆಕಿ ಸೆರಗು ಸರಿಮಾಡಿಕೊಂಡು, "ಹಾಡೀನ್ರೀ. ನನ್ನ ದನಿ ಯಾವತ್ತರ ಕೇಳಿಸೇತೇನು?" ಅಂದಳು.

ಸಭಿಕರೇ, ಅಷ್ಟು ಸಣ್ಣ ಮಾತು ಅಷ್ಟು ಜೋರಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

"ಅಂದಪ್ಪನವರ, ನೀವು ಹನ್ನೆರಡು ಹೆಜ್ಜಿ ಹಿಂದ ಹೋಗ್ರಿ," ಅಂದರು ಸಾಬರು. ನನಗೆ ಸಿಟ್ಟು ನೆತ್ತಿಗೇರಿತು. "ಮುಂದಾಳು ನಾನು! ಈಗ ಹ್ಯಾಂಗರ ಹಿಡೀರಿ, ಮುಂಬೈಯಾಗ ಆಕಿ ದನಿ ಏರಿಸಿಕೊಳ್ರಿ," ಅಂದೆ. ಅವರು ಶಾಂತವಾಗಿ ಹೇಳಿದರು: "ಒಂದ ಮೈಕ್ ಐತ್ರಿ. ಇಲ್ಲೆ ಕೂಡಿದ ದನಿ ಅಲ್ಲಿ ಬ್ಯಾರೆ ಮಾಡಾಕ ಬರೂದಿಲ್ಲ. ಹದ ಮಾಡೂದು ಇಲ್ಲೇ. ಬ್ಯಾಟರಿ ಇನ್ನೊಂದ ಸಲಕ್ಕ ಸಾಕಾದೀತು."

ನಾನು ಎದ್ದೆ. ಖರೇ ಹೇಳತೀನಿ, ಮನಿಗೆ ಹೋಗಾಕಂತ ಎದ್ದೆ. ಸಾಬರು ತಡೆದು, ಕಿವಿಗೆ ಹಾಕೋ ಯಂತ್ರ ನನ್ನ ತಲೆಗೆ ಸಿಗಿಸಿ, "ಅಕ್ಕಾರ, ಒಂದ ಸಾಲು ಒಬ್ಬರ ಹಾಡ್ರಿ," ಅಂದರು.

ನಾನು ನೆಟ್ಟಗೆ ಕೂಗಿ ಮುಗಿಸುವ ಸಾಲನ್ನು ಆಕಿ ಕೊನೆಗೆ ಮೆಲ್ಲಗ ಬಾಗಿಸಿ ಇಳಿಸತಾಳ್ರೀ! ಸೀರೆಯ ಅಂಚಿನ ಜರಿ ಬಿಸಿಲಿಗೆ ಹೊಳೆದಾಂಗ. ಇದನ್ನು ಯಾವಾಗ ಕಲಿತಳು? ಯಾರಿಗಾಗಿ ಹಾಡುತ್ತಿದ್ದಳು? ಮಗ್ಗುಲಲ್ಲೇ ಕುಂತ ನನಗೆ ಗೊತ್ತಿರಲಿಲ್ಲ. ಯಂತ್ರ ತೆಗೆದಿಟ್ಟೆ. ಒಂದೊಂದೇ ಹೆಜ್ಜಿ ಎಣಿಸಿಕೊಂಡು ಹಿಂದೆ ಹೋಗಿ ಆ ಬಾಗಿಲಿನ ಹತ್ತಿರ ನಿಂತೆ. ಅಲ್ಲಿಂದಲೇ ಹಾಡಿದೆ. ಹಾಡು ಮುಗಿಯಿತು, ಬ್ಯಾಟರಿಯೂ ಮುಗಿಯಿತು. ಹಿಡಿದದ್ದನ್ನು ಕೇಳಲೂ ಆಗಲಿಲ್ಲ.

ಕೆಲಸ ಅಷ್ಟಕ್ಕೇ ಆಯಿತೇ? ಇಲ್ಲ. ಮುಂಬಯಿಯಿಂದ ಪರೀಕ್ಷೆಯ ಪ್ಲೇಟು ಬಂತು; ಹೇಮಪ್ಪನವರ ಮನಿಯಲ್ಲಿ ನಾವು ಗಂಡಸರಷ್ಟೇ ಹಚ್ಚಿ ಕೇಳಿದೆವು. ನಮ್ಮ ಫಕ್ಕೀರಪ್ಪನ ತಬಲಾ ಧಡ್ ಅಂದಲ್ಲೆಲ್ಲ ಸೂಜಿ ಎಗರಿ ಹಾಡು ದಾಟಿ ಹೋಗುತ್ತಿತ್ತು. ಫಕ್ಕೀರಪ್ಪ ಎರಡು ದಿನ ಮನಿ ಬಿಟ್ಟು ಹೊರಬೀಳಲಿಲ್ಲ. ಸಾಬರು ಆ ಏಟು ಬೀಳುವ ಕ್ಷಣದಲ್ಲಷ್ಟೇ ಇಡೀ ಸದ್ದನ್ನು ತುಸು ತಗ್ಗಿಸಿ, ಪ್ಲೇಟು ಅಚ್ಚೊತ್ತುವ ಮೂಲದ ತಟ್ಟೆಯನ್ನು ಮತ್ತೊಮ್ಮೆ ಕೊರೆಸಿದರು. ಈಗ ಸೂಜಿ ಸುಗ್ಗಿಯ ಕಣ ಸುತ್ತುವ ಎತ್ತಿನಂತೆ ಗೆರೆ ಬಿಡುವುದಿಲ್ಲ.

ಇನ್ನೊಂದು ಮಾತು. ಹೇಳಬೇಕೆಂದುಕೊಂಡಿರಲಿಲ್ಲ. ಪ್ಲೇಟಿನ ನಡುವಿನ ಕಾಗದದ ಮೇಲೆ "ಅಂದಪ್ಪ ಮತ್ತು ಸಂಗಡಿಗರು" ಎಂದು ಅಚ್ಚಾಗಿದೆ. ನನಗೆ ಹಿಗ್ಗೋ ಹಿಗ್ಗು. ನಾಲ್ಕು ದಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಹೆಸರನ್ನು ಬೆರಳಿಂದ ಸವರುತ್ತಿದ್ದೆ. ಐದನೆಯ ದಿನ ಹೇಮಪ್ಪನವರ ಗ್ರಾಮಫೋನ್ ತಂದು ಮನಿಯಲ್ಲಿ ಹಚ್ಚಿದೆ. ಮಗ್ಗದಲ್ಲಿದ್ದ ವೀರವ್ವ ಕೈ ನಿಲ್ಲಿಸಿದಳು. ಕೇಳಿದಳು, ಕೇಳಿದಳು. ಕೊನೆಗೆ, "ಯಾರ್ರೀ ಈಕಿ? ಭಾಳ ಚಲೋ ಹಾಡತಾಳ," ಅಂದಳು.

ತನ್ನ ದನಿ ಆಕಿಗೇ ಗುರುತು ಸಿಗಲಿಲ್ಲ, ಸಭಿಕರೇ. "ನೀನ ಅದು," ಅಂದೆ. ಆಕಿ ನಗಲಿಲ್ಲ. ನನ್ನ ಮಾರಿ ನೋಡಿ, "ಇನ್ನೊಮ್ಮೆ ಹಚ್ಚ್ರಿ," ಅಂದಳು. ಅವತ್ತು ಹನ್ನೊಂದು ಸಲ ಹಚ್ಚಿದೆ. ಸಂಜಿಗೆ ಕುಂತು ಕಂಪನಿಗೆ ಕಾಗದ ಬರೆದೆ. ಉತ್ತರ ನಿನ್ನೆ ಸಾಬರ ಕೈಯಲ್ಲೇ ಬಂದಿದೆ: ಮುಂದಿನ ಅಚ್ಚಿನಲ್ಲಿ ಮೊದಲು ವೀರವ್ವನ ಹೆಸರು, ಆಮೇಲೆ ನನ್ನದು!

ಸಾಬರ, ನಿಮಗೆ ಈ ಊರು ಹೊದಿಸುವ ಶಾಲು ಸಣ್ಣದು, ನೀವು ನಮಗೆ ಕೊಟ್ಟ ಕಿವಿ ದೊಡ್ಡದು. ಮಗ್ಗ ನಿಲ್ಲಿಸಿದ ಓಣಿಯವರಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆ ನನ್ನ ವಂದನೆಗಳು. ನನ್ನ ಮಾತು ಸಾಕು. ಸಾಬರ, ಕೀಲಿ ಕೊಡ್ರಿ, ಸೂಜಿ ಇಡ್ರಿ. ಎಲ್ಲಾರೂ ಆಕಿ ಹಾಡು ಕೇಳ್ರಿ.

ನಮಸ್ಕಾರ.