ಹೊಲಿಗೆ ಇಲ್ಲದ ಗಾಯ

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದ ದರ್ಜಿಯ ಕಿವಿಗೆ ‘ಹೊಲಿಗೆ’ ಎಂಬ ಮಾತು ಬಿದ್ದದ್ದೇ ತಡ, ಕಿವಿ ನೆಟ್ಟಗಾಯಿತು. ಅವನ ಮುಂದೆ ಅಕ್ಕ ತಂಗಿ ಇಬ್ಬರಿದ್ದರು. ತಂಗಿ ಕಿಬ್ಬೊಟ್ಟೆಯನ್ನು ಅದುಮಿ ಹಿಡಿದಿದ್ದಳು.

“ಹೊಲಿಗೆ ತೋರಿಸು ಅಂದ್ರಾ ನಿಮ್ಮತ್ತೆ?” ಅಕ್ಕ ಕೇಳಿದಳು.

“ಅತ್ತೆ ಅಲ್ಲ, ನಮ್ಮನೆಯವರೇ. ಮುಂಗೈಲಿ ಸೂಜಿ ಚುಚ್ಚಿದ ಚುಕ್ಕೆ ಬಿಟ್ರೆ ಏನೂ ಇಲ್ಲ, ಇದೆಂಥ ಆಪರೇಷನ್ನು ಅಂತಾರೆ.”

“ನೀನು ಹೇಳಲಿಲ್ವಾ?”

“ಹೇಳ್ದೆ. ಅಲ್ಲಿಂದಾನೇ ರಕ್ತನಾಳದೊಳಗೆ ಸಣ್ಣ ನಳಿಕೆ ಬಿಟ್ಟು, ಪ್ಲಾಸ್ಟಿಕ್ ಥರದ ಮರಳಿನಷ್ಟು ಸಣ್ಣ ಮಣಿ ತುಂಬಿ, ಗರ್ಭಕೋಶದ ಗಡ್ಡೆಗೆ ಹೋಗೋ ರಕ್ತ ನಿಲ್ಲಿಸಿದಾರೆ ಅಂದೆ. ಸರಿ, ಹಾಗಾದ್ರೆ ಬಟ್ಟೆ ಬಕೆಟ್ಟು ಮಹಡಿಗೆ ತಗೊಂಡ್ಹೋಗು ಅಂದ್ರು.”

“ತಗೊಂಡ್ಹೋದ್ಯಾ?”

“ಮೂರನೇ ದಿನಾನೇ.”

“ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಒಳಗೆ ಗಡ್ಡೆ ಸಾಯ್ತಿರುತ್ತೆ, ವಿಪರೀತ ನೋವಿರುತ್ತೆ ಅಂತ ಡಾಕ್ಟ್ರು ಅವನೆದುರಿಗೇ ಹೇಳಿದ್ರಲ್ಲ.”

“ಆಗ ಫೋನ್ ನೋಡ್ತಿದ್ರು.”

“ಅವನ ಕಾಲುಗುರು ಕಿತ್ತು ಬಂದಾಗ ಹದಿನೈದು ದಿನ ಮಂಚ ಇಳೀಲಿಲ್ಲ ಮಹಾರಾಯ. ತಟ್ಟೆ ಅಲ್ಲಿಗೇ ಹೊತ್ತೆ ನೀನು.”

“ಆಗ ರಕ್ತ ಕಾಣಿಸ್ತಿತ್ತಲ್ಲಕ್ಕ.”

ಅವರ ಸರದಿ ಬಂತು. ಅಕ್ಕ ಚೀಟಿಯನ್ನು ಕಿಟಕಿಯೊಳಕ್ಕೆ ತಳ್ಳಿದಳು.

“ಈ ಮಾತ್ರೆ ಜೊತೆ ಬ್ಯಾಂಡೇಜ್ ಕೊಡಿ. ಇರೋದ್ರಲ್ಲಿ ದೊಡ್ಡದು.”

“ಗಾಯ ಎಷ್ಟಿದೆಯಮ್ಮ?”

“ಇವಳ ಗಂಡನ ಕಣ್ಣಿಗೆ ಕಾಣಿಸಬೇಕು. ಅಷ್ಟಿದೆ.”

ಪಕ್ಕಕ್ಕೆ ಸರಿದು, ತಂಗಿಯ ಮುಂಗೈಯಿಂದ ಮೊಣಕೈವರೆಗೂ ಬಿಗಿಯಾಗಿ ಸುತ್ತಿ ಗಂಟು ಹಾಕಲು ಹೊರಟಳು. ತಂಗಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಹೆಗಲವರೆಗೂ ಸುತ್ತಕ್ಕ,” ಎಂದಳು.

ಇಬ್ಬರೂ ಬಾಗಿಲು ದಾಟಿ ಹೋದರು.