ಎನಿಡ್‌ಳ ಮಗ್

ಇದು ಕತೆಯಲ್ಲ ಕಣ್ರೀ. ನಮ್ಮ ದೊಡ್ಡಮ್ಮನ ಮಗಳು ಮಾರ್ಜರಿಗೇ ಆಗಿದ್ದು. ಅವಳ ಪಬ್ಬಿನ ಮಹಡಿ ರೂಮುಗಳಿಗೆ ಹಾಸಿಗೆ ಹಾಸೋಳು ನಾನೇ.

ಸಂತೆಯ ಹಿಂದಿನ ರಾತ್ರಿ. ಮಾರ್ಜರಿ ಗೆಳತಿಯರ ಜೊತೆ ಇಸ್ಪೀಟು ಮುಗಿಸಿ, ಚರ್ಚಿನ ಸಮಾಧಿಗಳ ಪಕ್ಕ ಒಬ್ಬಳೇ ಬರ್ತಿದ್ದಳು. ಹೊಟ್ಟೆಯೊಳಗೆ ಬೆಂಕಿ. ಇಸ್ಪೀಟಿನ ಮನೇಲೂ ಅದೇ ಮಾತು... "ಎನಿಡ್ ಇದ್ದಾಗ ಆ ಪಬ್ಬಿನ ತಿಂಡಿ ಏನು ರುಚಿ ಅಂತೀರಾ!" ಎನಿಡ್ ಅಂದ್ರೆ ಅವಳ ಗಂಡ ಸೆಡ್ರಿಕ್‌ನ ಮೊದಲ ಹೆಂಡತಿ. ಸತ್ತು ಆ ಸಮಾಧಿಗಳ ನಡುವೆಯೇ ಮಣ್ಣಾಗಿದ್ದಾಳೆ. ಮಾರ್ಜರಿ ಆ ಕಡೆ ತಿರುಗಿ, "ಸತ್ತಮೇಲಾದ್ರೂ ಜಾಗ ಬಿಡೇ," ಅಂದಳಂತೆ.

ಒಂದು ಎಲೆಯೂ ಅಲ್ಲಾಡಲಿಲ್ಲ...

ನಮ್ಮಲ್ಲಿ ಪಬ್ಬಿನ ಖಾಯಂ ಜನರ ಬಿಯರ್ ಕುಡಿಯೋ ಮಗ್‌ಗಳನ್ನ ಕೌಂಟರಿನ ಮೇಲೆ ಕೊಕ್ಕೆಗೆ ನೇತುಹಾಕ್ತೀವಿ. ಬೇರೆಯವರು ಮುಟ್ಟೋ ಹಾಗಿಲ್ಲ. ಸತ್ತರೂ ಇಳಿಸೋ ಹಾಗಿಲ್ಲ. ಅಲ್ಲಿ ಎನಿಡ್‌ಳದು, ಪಕ್ಕದಲ್ಲೇ ಸೆಡ್ರಿಕ್ ಮದುವೆಗೆ ಕೊಡಿಸಿದ ಮಾರ್ಜರಿಯದು. ಇವಳು ಬಂದವಳೇ ಎನಿಡ್‌ಳ ಮಗ್ ಕಿತ್ತು, ಕೊನೆಯ ಅಗ್ಗದ ರೂಮಿನಲ್ಲಿ ಇಳಿದಿದ್ದ ಚೀಸ್ ವ್ಯಾಪಾರಿ ನಾರ್ಮನ್‌ಗೆ ಕೊಟ್ಟಳು. "ಹಲ್ಲುಜ್ಜೋ ಬ್ರಷ್ ಇಟ್ಕೊಳ್ಳಿ."

ನಡುರಾತ್ರಿ... ಟಣ್.

ಪಬ್ ಮುಚ್ಚೋ ಮುಂಚೆ ಹೊಡೆಯೋ ಗಂಟೆ. ಆಮೇಲೆ ಸರ್ರ್... ಸರ್ರ್... ಒದ್ದೆ ಬಟ್ಟೇಲಿ ಕೌಂಟರ್ ಒರೆಸೋ ಸದ್ದು.

"ರೀ... ಕೇಳಿಸ್ತಾ?"

ಸೆಡ್ರಿಕ್ ನಿದ್ದೇಲೇ ಗೊಣಗಿದ. "ಎನಿಡ್ ಬಾಗಿಲು ಹಾಕ್ತಿದಾಳೆ... ಮಲಕ್ಕೊಳೇ."

ನಿದ್ದೇಲೂ ಅದೇ ಹೆಸರು! ಹೆದರಿಕೆಗಿಂತ ಹೊಟ್ಟೆಕಿಚ್ಚೇ ಅವಳನ್ನ ಎಬ್ಬಿಸಿತು. ದಡದಡ ಇಳಿದಳು. ಯಾರೂ ಇಲ್ಲ. ಕೌಂಟರ್ ಮಾತ್ರ ಒದ್ದೆ. ಹಿಂದೆ ಮೆಟ್ಟಿಲು ಕಿರ್ರ್... ಕಿರ್ರ್... ಅಂತು. ಯಾರೋ ನಿಧಾನಕ್ಕೆ ಮೇಲೆ ಹತ್ತಿದ ಹಾಗೆ.

ಬೆಳಿಗ್ಗೆ ನಾರ್ಮನ್ ತಿಂಡಿಗೆ ಬಂದ.

"ಇಲ್ಲಿ ಇನ್ನೊಬ್ಬ ಹೆಂಗಸಿದಾರಲ್ಲ ಮೇಡಂ, ರಾತ್ರಿ ಬಂದು ಮಗ್ ಬದಲಾಯಿಸಿಕೊಂಡು ಹೋದ್ರು. ಇದನ್ನ ಯಾರು ಕೊಟ್ಟಿದ್ದು ಅಂದ್ರು. ಪಬ್ಬಿನ ಯಜಮಾನಿ ಅಂದೆ. ನಕ್ಕುಬಿಟ್ರು ನೋಡಿ!"

ಮಾರ್ಜರಿ ತಲೆಯೆತ್ತಿದಳು. ಎನಿಡ್‌ಳ ಮಗ್ ತನ್ನ ಕೊಕ್ಕೆಯಲ್ಲಿ ತೂಗ್ತಿತ್ತು, ಇನ್ನೂ ನೀರು ತೊಟ್ಟಿಕ್ಕುತ್ತ. ಪಕ್ಕದ ಕೊಕ್ಕೆ ಖಾಲಿ. ನಾನು ಆ ಕೊನೆಯ ರೂಮಿಗೆ ಹಾಸಿಗೆ ತೆಗೆಯೋಕೆ ಹೋದಾಗ ಕಂಡಿತು... ನಾರ್ಮನ್‌ನ ಬ್ರಷ್ ಮಾರ್ಜರಿಯ ಮಗ್ಗಿನಲ್ಲಿತ್ತು.

ಪಾಪ, ಅವಳಿನ್ನೂ ಸೋಲು ಒಪ್ಪಿಲ್ಲ. ದಿನಾ ರಾತ್ರಿ ತನ್ನ ಮಗ್ ಮತ್ತೆ ಕೊಕ್ಕೆಗೆ ಹಾಕ್ತಾಳೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಈವತ್ತು ಬೆಳಿಗ್ಗೆಯೂ ಅದನ್ನ ಆ ರೂಮಿಂದ ಕೆಳಗೆ ತಂದವಳು ನಾನೇ. ರಾತ್ರಿ ಅಲ್ಲಿ ಯಾರೂ ಇಳಿದಿರಲಿಲ್ಲ.