ಏಳನೇ ಅಜ್ಜ ಕಲಿತ ಮಾತು

ನರೀನ್ ಸೀಮೆಯ ಬೇಸಗೆ ಹುಲ್ಲುಗಾವಲಿನಲ್ಲಿ ಅಂದು ಸಂಜೆ ಮಳೆ ಹಿಡಿದುಕೊಂಡಿತ್ತು. ಉಣ್ಣೆಗುಡಾರದೊಳಗೆ ಮನೆಮಂದಿಯೆಲ್ಲ ಒಲೆಯ ಸುತ್ತ ಸೇರಿದ್ದರು. ಬೆರ್ಮೆತ್ ಮಾತ್ರ ಮುಖ ಊದಿಸಿಕೊಂಡಿದ್ದಳು. ಶಾಲೆಗೆಂದು ಅವಳು ಬರೆದ ನಾಟಕದಲ್ಲಿ, ಏಳು ತಲೆಮಾರಿನ ಹಿಂದಿನ ಏಳನೇ ಅಜ್ಜ ಎಸೆನ್ ವೀರ, "ನನ್ನ ಕುದುರೆ ಮುಂದೆ ಯಾವ ಎಂಜಿನ್ ಲೆಕ್ಕ?" ಎಂದುಬಿಟ್ಟಿದ್ದ. ಇನ್ನೂರು ವರ್ಷದ ಹಿಂದಿನವನಿಗೆ ಎಂಜಿನ್ ಎಂಬ ಮಾತು ಗೊತ್ತಿತ್ತೇ, ಸಾಲು ತೆಗೆ, ಇಲ್ಲವೇ ನಾಟಕ ಬಿಡು ಎಂದಿದ್ದರು ಮೇಷ್ಟ್ರು.

ಅದು ಗುರುವಾರ. ಸತ್ತ ಹಿರಿಯರಿಗೆ ವಾಸನೆ ಮುಟ್ಟಲೆಂದು ವಾರವಾರದಂತೆ ಬೊರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿಯುತ್ತಿದ್ದ ಅನಾರ್ಕುಲ್ ಅಜ್ಜಿ ನಕ್ಕಳು.

"ಕೇಳ್ರೋ... ಆ ಸಾಲು ಇವಳದಲ್ಲ, ನಮ್ಮಪ್ಪ ತಗಾಯ್‌ದು. ಎಂಥ ಹಾಡುಗಾರ ಅಂತೀರಿ! ಅವನು ಬಾಯಿ ತೆಗೆದ್ರೆ ಮೇಯೋ ಕುದುರೆ ತಲೆ ಎತ್ತೋದು. ಪಟ್ಟಣದ ಮೇಳದಲ್ಲಿ ಎಸೆನ್ ಅಜ್ಜನ ಕತೆ ಹಾಡ್ತಿದ್ದಾಗ ಆ ಸಾಲು ತಾನಾಗೇ ಬಂತು... ಪಂಡಿತರು ಗೊಳ್ಳಂತ ನಕ್ಕರು. ಸುಳ್ಳು ಕಟ್ಟೋನು, ಇನ್ಮೇಲೆ ಇಲ್ಲಿ ಹಾಡಬೇಡ ಅಂದ್ರು. ಹಾಡು ಕಿತ್ಕೊಂಡ್ರೆ ಹಾಡುಗಾರನಿಗೆ ಉಳಿಯೋದಾದ್ರೂ ಏನು, ಹೇಳಿ? ಅವತ್ತೂ ಗುರುವಾರ. ಮನೆಗೆ ಬಂದೋನೇ, ನನ್ನ ಮಾನ ಕಳೆದ ಆ ಎಸೆನ್ ಮುದುಕನಿಗೆ ಇವತ್ತು ವಾಸನೇನೂ ಇಲ್ಲ ಅಂತ ಬಾಣಲೆ ಕೆಳಗಿಳಿಸ್ಬಿಟ್ಟ. ಅಂಥ ತಪ್ಪು ನಮ್ಮ ಕುಲದಲ್ಲಿ ಯಾರೂ ಮಾಡಿರ್ಲಿಲ್ಲ.

"ಹೊತ್ತು ಮುಳುಗ್ತು. ನಾಯಿಗಳು ಬೊಗಳದೆ ಬಾಲ ಮುದುರಿ ಮಲಗಿದ್ವು. ಬಾಗಿಲಾಚೆ ಯಾರೋ ಕೆಮ್ಮಿದರು... 'ಯಾಕೋ ಮಗಾ, ಹಸಿದೋನನ್ನ ಹೊರಗೆ ನಿಲ್ಲಿಸ್ತೀಯಾ? ವಾರವಾರ ಬರ್ತೀನಿ. ನಿಮ್ಮ ಲಾರಿ ಕೆಟ್ಟಿದ್ದು, ಎಂಜಿನ್ ಬಿಚ್ಚಿದ್ದು, ಅದಕ್ಕೆ ನೀನು ಬೈದಿದ್ದು, ಎಲ್ಲಾ ಇಲ್ಲೇ ನಿಂತು ಕೇಳಿದೀನಿ. ಸತ್ತಿದೀನಿ ಕಣೋ, ಕಿವುಡಾಗಿಲ್ಲ!' ಅಪ್ಪ ಪರದೆ ಎತ್ತಿ ನೋಡಿದ... ಯಾರೂ ಇಲ್ಲ.

"ಮಾರನೇ ವರ್ಷ ಕರೆಯದಿದ್ರೂ ಅಪ್ಪ ಮೇಳಕ್ಕೆ ಹೋದ. ಎದೆ ಸೆಟೆಸಿ ನಿಂತು ಅದೇ ಸಾಲು ಹಾಡಿದ. ಒಬ್ಬರೂ ನಗಲಿಲ್ಲ. ಯಾಕೆ ಅಂತೀರಿ? ಅವನ ದನಿ ಜೊತೆ ಇನ್ನೊಂದು ದನಿ ಹಾಡ್ತಿತ್ತು..."

ಬೆರ್ಮೆತ್‌ಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. "ಮೇಷ್ಟ್ರು ಏನಾದ್ರೂ ಅನ್ಲಿ, ಸಾಲು ತೆಗೆಯಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, "ಅಜ್ಜಿ, ಎಸೆನ್ ಅಜ್ಜ ಈಗ್ಲೂ ಬರ್ತಾನಾ?" ಎಂದು ಕೇಳಿದಳು.

"ಹೋದ ವಾರ ನೀನು ಫೋನ್ ಹಿಡ್ಕೊಂಡು ಗುಡ್ಡ ಹತ್ತಿಳಿದು ಬಂದಾಗ, ಗುಡಾರದ ಹಿಂದಿನಿಂದ 'ಸಿಗ್ನಲ್ ಸಿಕ್ತಾ, ಸಿಗ್ನಲ್ ಸಿಕ್ತಾ' ಅಂತ ಕೇಳಿ ಕೇಳಿ ನಾನೇ ನಿನ್ನ ತಲೆ ತಿಂದೆ ಅಂತ ನನ್ನ ಮೇಲೆ ರೇಗಿದೆಯಲ್ಲ... ನಾನಾಗ ಹೊಳೆ ಆಚೆ ಕುದುರೆ ಹಾಲು ಕರೀತಿದ್ದೆ ಕಣೇ."